ಕೊಳದ ಪ್ಲಾನಿನಲ್ಲಿ ಬಿಟ್ಟ ಸಾಲು

ಆ ವಾರ ಒಂದೇ ವಾಕ್ಯವನ್ನು ಡೈರಿಯಲ್ಲಿ ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೆ: ಅತ್ತೆಯ ಮೀನುಗಳು ಸೊರಗುತ್ತಿರುವುದು ಅತ್ತೆಯ ಕೈಯಿಂದಲೇ, ಅದು ನನಗೆ ಗೊತ್ತು. ನಾಲ್ಕನೆಯ ಸಲ ಹೊಡೆಯಲಿಲ್ಲ. ಬರೆಯುವುದಕ್ಕೇನು, ನನ್ನ ಡೈರಿಯನ್ನು ಯಾರೂ ಓದುವುದಿಲ್ಲ. ಹೇಳಬೇಕಿದ್ದದ್ದು ಬಾಯಲ್ಲಿ.

ಅತ್ತೆ ಅಂದರೆ ಅಪ್ಪನ ಅಕ್ಕ. ಮೂವತ್ತೊಂದು ವರ್ಷ ಮಕ್ಕಳ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ನಮ್ಮ ಜೊತೆಗೇ ಇದ್ದವರು. ಆ ಆಸ್ಪತ್ರೆಯ ಒಳಂಗಳದಲ್ಲಿ ಒಂದು ಸಿಮೆಂಟಿನ ತೊಟ್ಟಿ, ಅದರಲ್ಲಿ ಒಂಬತ್ತು ಮೀನು. ಇಂಜೆಕ್ಷನ್ ಚುಚ್ಚಿಸಿಕೊಂಡ ಮಕ್ಕಳನ್ನು ಅತ್ತೆ ಅಲ್ಲಿಗೆ ಎತ್ತಿಕೊಂಡು ಹೋಗಿ ಅಳು ನಿಲ್ಲಿಸುತ್ತಿದ್ದರಂತೆ. ಅವರು ನಿವೃತ್ತರಾಗುವ ಹೊತ್ತಿಗೆ ತೊಟ್ಟಿ ಒಡೆದು ಗಾಡಿ ನಿಲ್ಲಿಸಲು ಜಾಗ ಮಾಡುವುದೆಂದು ತೀರ್ಮಾನವಾಗಿತ್ತು. ನೆನಪಿಗೆ ಏನು ಕೊಡೋಣ ಎಂದು ಕೇಳಿದವರಿಗೆ ಅತ್ತೆ, "ಗೋಡೆ ಗಡಿಯಾರ ಬೇಡ, ಮೀನು ಕೊಡಿ" ಅಂದುಬಿಟ್ಟರು.

ಅದೇ ದಿನ ನಾನು ಮೂರನೆಯ ಸಂದರ್ಶನ ಮುಗಿಸಿ ಮನೆಗೆ ಬಂದಿದ್ದೆ. ಮುಗಿಸಿದೆ ಎನ್ನುವುದೂ ದೊಡ್ಡ ಮಾತೇ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ, ಒಳ್ಳೆಯ ಅಂಕ. ಮೇಜಿನ ಆಚೆ ಕೂತಿದ್ದವರು "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಅಂದಾಗ ನಾನು ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನು ಓದುತ್ತಾ ಕೂತಿದ್ದೆ. ಸೆಪ್ಟೆಂಬರಿನವರೆಗೂ ಓದಿದೆ.

"ನಮ್ಮ ಪಿಸುಮಾತಮ್ಮ ಇವತ್ತಾದ್ರೂ ಬಾಯಿ ಬಿಟ್ಲಾ?" ಎಂದು ಅಪ್ಪ ಕೇಳಿದರು. ಅಮ್ಮ, "ಬಂದವಳಿಗೆ ನೀರಾದ್ರೂ ಕುಡಿಯೋಕೆ ಬಿಡಿ" ಅಂದರು. ಅತ್ತೆ ಏನೂ ಕೇಳಲಿಲ್ಲ. ಹಿತ್ತಲಿನಿಂದ ಕೂಗಿದರು: "ಬಾ ಇಲ್ಲಿ, ಈ ಟೇಪಿನ ತುದಿ ಹಿಡ್ಕೊ."

ಹಿಡಿದುಕೊಂಡೆ. ಮೀನಿನ ಕೊಳಕ್ಕೆ ಹತ್ತು ಅಡಿ ಉದ್ದ, ಆರು ಅಡಿ ಅಗಲ.

"ಎಷ್ಟು ಆಳ ಬೇಕು?" ಎಂದರು ಅತ್ತೆ. ಕೇಳಿ, ಕೈಗಡಿಯಾರ ನೋಡುತ್ತಾ ನಿಂತರು. ಅವರ ಅಭ್ಯಾಸವೇ ಹಾಗೆ. ಥರ್ಮಾಮೀಟರ್ ಇಟ್ಟು ಕಾಯುವ ಹಾಗೆ ನನ್ನ ಉತ್ತರಕ್ಕೆ ಕಾಯುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ, ನನ್ನ ಪರವಾಗಿ ತಾವೇ ಉತ್ತರ ಹೇಳುವುದಿಲ್ಲ. ಇಡೀ ಮನೆಯಲ್ಲಿ ನನಗಾಗಿ ಹಾಗೆ ಕಾದವರು ಅವರೊಬ್ಬರೇ.

"ಮೂರು ಅಡಿ," ಎಂದೆ.

"ಹಾಗಾದ್ರೆ ಪೂರ್ತಿ ಪ್ಲಾನು ನಿಂದೇ. ನಿನ್ನ ಡೈರೀಲಿ ನಂಗೂ ನಾಲ್ಕು ಹಾಳೆ ಬಿಟ್ಕೊಡು."

ಮರುದಿನ ಎಷ್ಟೋ ತಿಂಗಳ ಮೇಲೆ ಅಲಾರಾಂ ಇಲ್ಲದೆ ಎದ್ದೆ. ಕೊಳಕ್ಕೆ ಐದು ಸಾವಿರದ ನೂರು ಲೀಟರ್ ನೀರು. ಎರಡು ಗಂಟೆಗೊಮ್ಮೆ ಅಷ್ಟೂ ನೀರು ಫಿಲ್ಟರನ್ನು ಹಾದು ಬರಬೇಕು, ಅಂದರೆ ಗಂಟೆಗೆ ಎರಡೂವರೆ ಸಾವಿರ. ಪಂಪಿನ ಡಬ್ಬದ ಮೇಲೆ ಬರೆದಿರುವುದು ನೀರನ್ನು ಮೇಲಕ್ಕೆತ್ತದೆ ಇದ್ದಾಗಿನ ಲೆಕ್ಕ. ನಮ್ಮದು ಫಿಲ್ಟರಿಗೆಂದು ಇಡುವ ನಾಲ್ಕು ಅಡಿ ಎತ್ತರದ ಡ್ರಮ್ಮಿಗೆ ಏರಬೇಕು, ಏರುವಾಗ ಬಲ ಕುಂದುತ್ತದೆ. ಅದಕ್ಕೆ ಗಂಟೆಗೆ ನಾಲ್ಕು ಸಾವಿರ ಲೀಟರಿನ ಪಂಪು ಎಂದು ಬರೆದೆ. ಪಂಪು ಕೊಳದ ಈ ಮೂಲೆಯ ತಳದಲ್ಲಿ, ನೀರು ವಾಪಸ್ ಬೀಳುವುದು ಆ ಮೂಲೆಯಲ್ಲಿ, ನಡುವೆ ಎಲ್ಲೂ ನೀರು ನಿಂತು ಕೊಳೆಯಬಾರದು. ಡ್ರಮ್ಮಿನ ತಳದಲ್ಲಿ ಕಸ ಹಿಡಿಯುವ ಸ್ಪಂಜು, ಅದರ ಮೇಲೆ ಬಲೆಚೀಲಗಳಲ್ಲಿ ಜಲ್ಲಿಕಲ್ಲು.

ಆ ಕಲ್ಲುಗಳೇ ಮುಖ್ಯ. ಮೀನಿನ ಹೊಲಸಿನಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೀನಿನ ಕಿವಿರನ್ನು ಸುಡುತ್ತದೆ. ಅದನ್ನು ತಿಂದು ತೀರಿಸುವ ಸೂಕ್ಷ್ಮಜೀವಿಗಳು ಕಲ್ಲಿನ ಮೇಲೆ ಕಂದು ಲೋಳೆಯಾಗಿ ಕೂರುತ್ತವೆ. ಹಾಗೆ ಕೂರಲು ಐದಾರು ವಾರ ಬೇಕು. ಆದ್ದರಿಂದ ನಾಲ್ಕನೆಯ ಹಾಳೆಯ ಕೊನೆಗೆ ಬರೆದಿದ್ದೆ: "ಸ್ಪಂಜನ್ನು ಮಾತ್ರ ತೊಳೆಯುವುದು. ಕಲ್ಲುಗಳನ್ನು ತೊಳೆಯಬಾರದು."

ಭಾನುವಾರ ಊಟದ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ ಅತ್ತೆ ನನ್ನಿಂದ ಪ್ಲಾನು ಓದಿಸಿದರು. ಪಂಪ್ ರಿಪೇರಿಯವರೂ ಬಂದಿದ್ದರು. ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಪಂಪಣ್ಣ. ಓದುತ್ತಾ ಹೋದೆ, ದನಿ ನಡುಗಲಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅತ್ತೆ ಪಂಪಣ್ಣನಿಗೆ ಹೆಮ್ಮೆಯಿಂದ ಹೇಳುತ್ತಿದ್ದರು: "ಮೂವತ್ತೊಂದು ವರ್ಷದಲ್ಲಿ ನನ್ನ ವಾರ್ಡಲ್ಲಿ ಒಂದು ಗಾಯಕ್ಕೂ ಕೀವಾಗಿಲ್ಲಪ್ಪಾ. ಕಣ್ಣಿಗೆ ಕಂಡಿದ್ದೆಲ್ಲಾ ಕುದಿಸ್ಬಿಡ್ತಿದ್ದೆ."

"ನಿಂಗೆ ಸಿಕ್ಕಿದ್ರೆ ಡಾಕ್ಟರನ್ನೂ ಕುದಿಸ್ತಿದ್ದೆ ಬಿಡಕ್ಕ," ಎಂದರು ಅಪ್ಪ. ಎಲ್ಲರೂ ನಕ್ಕರು. ಅತ್ತೆಯ ಮುಖ ಅರಳಿತ್ತು. ಆ ಮುಖದ ಮುಂದೆ, ಕೊಳಕು ಕಲ್ಲನ್ನು ಹಾಗೇ ಬಿಡಬೇಕು ಎಂದು ಹೇಗೆ ಓದಲಿ? ಡೈರಿ ಮುಚ್ಚಿದೆ. ಆಮೇಲೆ ಯಾವಾಗಲಾದರೂ ಹೇಳಿದರಾಯಿತು ಅಂದುಕೊಂಡೆ. ನನ್ನ ಎಷ್ಟೋ ಮಾತುಗಳು ಆ 'ಯಾವಾಗಲಾದರೂ' ಎಂಬ ಡಬ್ಬದಲ್ಲೇ ಬಿದ್ದಿವೆ.

ಕೊಳ ಆಯಿತು. ಪಂಪಣ್ಣ ಪೈಪು ಜೋಡಿಸಿ ಸ್ವಿಚ್ಚು ಹಾಕಿದಾಗ ಡ್ರಮ್ಮು ತುಂಬಿ, ಆಚೆ ಮೂಲೆಯಲ್ಲಿ ನೀರು ಸುರಿಯಿತು. ನಾನು ಹಾಳೆಯ ಮೇಲೆ ಎಳೆದ ಒಂದು ಗೆರೆ ಸದ್ದು ಮಾಡುತ್ತಿತ್ತು. ಅತ್ತೆ ಬೀದಿಯವರನ್ನೆಲ್ಲ ಕರೆದು, "ನಮ್ಮ ಹುಡುಗಿ ಲೆಕ್ಕ ಹಾಕಿದ್ದು" ಎಂದು ತೋರಿಸಿದರು. ಮೀನುಗಳು ಬಂದವು. ಅವಕ್ಕೆ ಹೆಸರಿಲ್ಲ, ಬೆಡ್ ನಂಬರು: ಒಂದನೇ ಬೆಡ್ಡು, ಎರಡನೇ ಬೆಡ್ಡು, ಹೀಗೆ ಒಂಬತ್ತರವರೆಗೆ. ಪ್ಲಾನಿನಂತೆ ಮೊದಲ ಆರು ವಾರ ಮೇವು ಕಡಿಮೆ, ದಿನ ಬಿಟ್ಟು ದಿನ ಸ್ವಲ್ಪ ನೀರು ಬದಲು. ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಕಲ್ಲಿನ ಮೇಲೆ ಲೋಳೆ ಕಟ್ಟಿತು, ಮೀನುಗಳು ಮಿಂಚತೊಡಗಿದವು.

ಏಳನೆಯ ವಾರ, ಭಾನುವಾರ, ನಾನು ಎದ್ದು ಬರುವಷ್ಟರಲ್ಲಿ ಕಲ್ಲಿನ ಚೀಲಗಳು ಹಂಡೆಯ ಕುದಿನೀರಿನಿಂದ ಹೊರಬಂದು ಬಿಸಿಲಿಗೆ ಒಣಗುತ್ತಿದ್ದವು.

"ಅಬ್ಬಾ, ಏನು ಹೊಲಸು ಮಾರಾಯ್ತಿ! ಕೈ ಹಾಕಿದ್ರೆ ಜಾರ್ತಿತ್ತು," ಎಂದರು ಅತ್ತೆ. ಬೆವರುತ್ತಿದ್ದರು, ಸಂತೋಷದಲ್ಲಿದ್ದರು. "ನೀನು ಎದ್ದೇಳೋದ್ರೊಳಗೆ ಮುಗಿಸ್ಬಿಡೋಣ ಅಂತ. ಪ್ಲಾನಿನ ಕೆಲಸವೆಲ್ಲಾ ನಿಂದೇ ಆಯ್ತಲ್ಲ, ಇದೊಂದು ನಂದಿರಲಿ."

ನನಗೆಂದೇ ಮಾಡಿದ ಕೆಲಸ. ಏನು ಹೇಳಲಿ? "ಥ್ಯಾಂಕ್ಸ್ ಅತ್ತೆ" ಅಂದೆ.

ಮುಂದಿನ ಭಾನುವಾರವೂ ಕುದಿಸಿದರು. ಮಂಗಳವಾರದಿಂದ ಮೀನುಗಳು ಬೆಳಗ್ಗೆ ನೀರಿನ ಮೇಲೆ ಬಾಯಿ ತೆರೆದು ನಿಲ್ಲತೊಡಗಿದವು. ಗುರುವಾರ ಏಳನೇ ಬೆಡ್ಡು ಹೊಟ್ಟೆ ಮೇಲೆ ಮಾಡಿ ತೇಲಿತು. ಅಪ್ಪ ಕೂಡ ತಮಾಷೆ ಮಾಡಲಿಲ್ಲ. ಅತ್ತೆ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗಿಡದ ಬುಡದಲ್ಲಿಟ್ಟು, ಕೈಯನ್ನು ಮೊಣಕೈವರೆಗೂ ತೊಳೆದುಕೊಂಡರು, ಎರಡು ಸಲ. ಆಮೇಲೆ ಅಂದರು: "ಉಳಿದಿದ್ದನ್ನಾದ್ರೂ ಯಾರಾದ್ರೂ ತಿಳಿದವ್ರಿಗೆ ಕೊಟ್ಬಿಡೋಣ. ನನ್ನ ಕೈಲಿ ಆಗಲ್ಲ ಅನ್ಸುತ್ತೆ."

ಮೂವತ್ತೊಂದು ವರ್ಷದಲ್ಲಿ ಅವರು ಹಾಗೆ ಅಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆ ದಿನದಿಂದಲೇ ನಾನು ವಾಕ್ಯ ಬರೆಯುವುದು, ಹೊಡೆದುಹಾಕುವುದು ಶುರುಮಾಡಿದ್ದು.

ಭಾನುವಾರ ಪಂಪಣ್ಣ ಬಂದರು. ಅಪ್ಪ ಬಾಗಿಲಲ್ಲೇ ಹಿಡಿದರು: "ಏನಯ್ಯಾ, ಎಂಥಾ ಪಂಪು ಕೊಟ್ಟಿದೀಯ? ಮೀನಿಗೆ ಉಸಿರಾಡೋಕಾಗ್ತಿಲ್ಲ."

"ಪಂಪಿನ ಮೇಲೆ ಗೂಬೆ ಕೂರಿಸ್ಬೇಡಿ ಸಾರ್." ಅವರು ಬೀಳುವ ನೀರಿಗೆ ಬಕೆಟ್ ಹಿಡಿದು ಎಣಿಸಿದರು. "ನೋಡಿ, ಹದಿನೆಂಟು ಎಣಿಸೋದ್ರೊಳಗೆ ತುಂಬ್ತು. ನೀರೂ ಕನ್ನಡಿ ಇದ್ದಂಗಿದೆ. ನಂಗೇ ತಲೆ ಓಡ್ತಿಲ್ಲ. ಬೇಕಾದ್ರೆ ಇದಕ್ಕಿಂತ ದೊಡ್ಡದು ಹಾಕ್ತೀನಿ, ಆದ್ರೆ ಅದು ದಂಡ."

"ಹಾಗಾದ್ರೆ ಲೆಕ್ಕಾನೇ ತಪ್ಪಿರ್ಬೇಕು," ಎಂದ ಅಪ್ಪ ನನ್ನತ್ತ ತಿರುಗಿದರು.

"ಲೆಕ್ಕದ ಸುದ್ದಿಗೆ ಬರ್ಬೇಡ," ಎಂದರು ಅತ್ತೆ. ಹಂಡೆಯ ಕೆಳಗೆ ಆಗಲೇ ಉರಿ ಇತ್ತು, ನೀರು ಸುಯ್ಯೆನ್ನುತ್ತಿತ್ತು. ಮೊದಲ ಕಲ್ಲಿನ ಚೀಲ ಅವರ ಕೈಯಲ್ಲಿ ತೊಟ್ಟಿಕ್ಕುತ್ತಿತ್ತು. "ನಮ್ಮ ಹುಡುಗಿ ಹಾಕಿದ ಲೆಕ್ಕ ತಪ್ಪಲ್ಲ. ತಪ್ಪಿದ್ರೆ ನಂದೇ. ಇವತ್ತು ಇನ್ನೂ ಚೆನ್ನಾಗಿ ಕುದಿಸ್ತೀನಿ, ಇನ್ನೊಂದು ವಾರ ನೋಡೋಣ."

ಚೀಲದ ಕಡೆ ನೋಡಿದೆ. ಬರೀ ಒಂದು ವಾರಕ್ಕೆ, ಕಲ್ಲುಗಳ ಸಂದಿಯಲ್ಲಿ, ಹೊಸ ಲೋಳೆ ತೆಳ್ಳಗೆ ಮೂಡಿತ್ತು. ಎರಡು ಸಲ ಕುದಿಸಿಕೊಂಡೂ ಮತ್ತೆ ಬಂದು ಕೂತಿತ್ತು. ಕೊಳದಲ್ಲಿ ಎಂಟು ಬಾಯಿಗಳು ನೀರಿನ ಮೇಲೆ ತೆರೆದು ಮುಚ್ಚುತ್ತಿದ್ದವು.

"ಅತ್ತೆ," ಎಂದೆ.

ಬಾಯಿಂದ ಬಂದದ್ದು ಅಷ್ಟೇ. ಅಪ್ಪ, "ಏನದು, ಜೋರಾಗಿ ಹೇಳು" ಅಂದರು. ಪಂಪಣ್ಣ ಬಕೆಟ್ ಕೆಳಗಿಟ್ಟರು. ನನ್ನ ಕಣ್ಣು ಓದಲು ಏನಾದರೂ ಕ್ಯಾಲೆಂಡರು ಸಿಕ್ಕೀತೇ ಎಂದು ಹುಡುಕುತ್ತಿತ್ತು.

ಅತ್ತೆ ಅಪ್ಪನಿಗೆ ಸುಮ್ಮನಿರು ಎಂದು ಕೈ ತೋರಿಸಿದರು. ಚೀಲವನ್ನು ಹಂಡೆಯ ಪಕ್ಕಕ್ಕೆ ಹಿಡಿದುಕೊಂಡೇ ಇನ್ನೊಂದು ಮಣಿಕಟ್ಟು ತಿರುಗಿಸಿ ಗಡಿಯಾರ ನೋಡತೊಡಗಿದರು. ಅವಸರವಿಲ್ಲ. ಟೇಪಿನ ತುದಿ ನನ್ನ ಕೈಗೆ ಕೊಟ್ಟ ದಿನ ಹೇಗೆ ನಿಂತಿದ್ದರೋ ಹಾಗೇ ನಿಂತಿದ್ದರು. ಇವರಿಗೆ ನಾನು ಕೊಡಬೇಕಾದದ್ದು ಥ್ಯಾಂಕ್ಸ್ ಅಲ್ಲ, ಇವರು ಇಷ್ಟು ದಿನ ಕಾದದ್ದಕ್ಕೆ ಒಂದು ಉತ್ತರ ಎಂದು ಆಗ ಹೊಳೆಯಿತು.

ಹೋಗಿ ಚೀಲವನ್ನು ಹಿಡಿದುಕೊಂಡೆ. ತಣ್ಣಗಿತ್ತು, ಜಾರುತ್ತಿತ್ತು.

"ಇದನ್ನ ಕುದಿಸ್ಬೇಡಿ ಅತ್ತೆ. ಇದು ಹೊಲಸಲ್ಲ, ಮೀನು ಬದುಕೋದೇ ಈ ಲೋಳೆಯಿಂದ. ಪ್ಲಾನಲ್ಲಿ ಬರ್ದಿದ್ದೆ. ಓದ್ದೆ ಬಿಟ್ಟಿದ್ದು ನಾನು."