ಮಣಿಕಟ್ಟಿನ ಪಟ್ಟಿ

ಪಟ್ಟಿ ತಾನಾಗಿ ಹರಿದುಹೋಯಿತು ಎಂದು ತಂಗಿ ಹೇಳಿ ನಾಲ್ಕು ದಿನವಾಗಿತ್ತು. ಹೇಳುವಾಗ ನಾಲಿಗೆಯೇನೂ ತಡವರಿಸಿರಲಿಲ್ಲ. ಆದರೆ ಸುಳ್ಳು ಹೇಳುವುದು ಒಂದು ಗಳಿಗೆಯ ಕೆಲಸ, ಅದನ್ನು ಕಾಯುವುದು ಹಗಲಿರುಳಿನ ಚಾಕರಿ. ಎದ್ದರೆ ಅಕ್ಕ, ಕೂತರೆ ಅಕ್ಕ ಎನ್ನುವಂಥ ಎರಡು ಕೋಣೆಯ ಮನೆಯಲ್ಲಿ ಆ ಚಾಕರಿ ಮಾಡಿ ಅವಳು ಸುಸ್ತಾಗಿದ್ದಳು.

ಅಕ್ಕನಿಗೆ ಐವತ್ತು, ತಂಗಿಗೆ ಮೂವತ್ತಾರು. ಅಮ್ಮ ಬೇಗ ತೀರಿಕೊಂಡದ್ದರಿಂದ ತಂಗಿಯನ್ನು ಎತ್ತಿ ಆಡಿಸಿದವಳು ಅಕ್ಕನೇ. ಅವಳ ಬಾಯಲ್ಲಿ ತಂಗಿ ಇವತ್ತಿಗೂ ‘ಪಾಪು’. ಇಬ್ಬರದೂ ಒಂದೇ ಕಸುಬು. ನೀರಿನ ಮೇಲೆ ತೇಲುವ ದೊಡ್ಡ ಚೌಕಟ್ಟುಗಳು, ಅವುಗಳಿಂದ ಕೆಳಕ್ಕೆ ಇಳಿಬಿಟ್ಟ ಬಲೆಯ ಚೀಲಗಳು, ಚೀಲದ ತುಂಬ ಸಾಕಿದ ಮೀನು. ತಂಗಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದು ಬಲೆಯಲ್ಲಿ ತೂತು ಹುಡುಕಿ ಹೊಲಿಯುತ್ತಾಳೆ. ಅಕ್ಕ ದೋಣಿಯಲ್ಲಿ ಕೂತು, ತಂಗಿಯ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದಿರುತ್ತಾಳೆ. ಮೇಲಿನಿಂದ ಒಂದು ಸಲ ಜಗ್ಗಿದರೆ ‘ಹೇಗಿದ್ದೀಯ?’ ಎಂದರ್ಥ. ಕೆಳಗಿನಿಂದ ಒಂದು ಸಲ ಜಗ್ಗಿದರೆ ‘ಚೆನ್ನಾಗಿದ್ದೀನಿ’. ನಾಲ್ಕು ಸಲ ಜಗ್ಗಿದರೆ ‘ಸಿಕ್ಕಿಹಾಕಿಕೊಂಡಿದ್ದೀನಿ, ಕಾಪಾಡು’. ಎಷ್ಟು ಆಳ ಇಳಿದೆ, ಎಷ್ಟು ಹೊತ್ತಾಯಿತು, ಯಾವಾಗ ಮೇಲೇಳಬೇಕು ಎಂಬ ಲೆಕ್ಕವನ್ನೆಲ್ಲ ತಂಗಿಯ ಮಣಿಕಟ್ಟಿನ ಮೇಲಿರುವ ಡೈವ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕಣ್ಣಿಗೆ ಅದು ಊದಿಕೊಂಡ ಗಡಿಯಾರದ ಹಾಗೆ ಕಾಣುತ್ತದೆ.

ಅದರ ಪಟ್ಟಿ ಉದ್ದ. ದಪ್ಪ ರಬ್ಬರ್ ಉಡುಪಿನ ತೋಳಿನ ಮೇಲೆ ಸುತ್ತಬೇಕಲ್ಲ. ಬಕಲ್ಲಿನಿಂದಾಚೆ ಉಳಿದ ನಾಲ್ಕು ಬೆರಳಿನಷ್ಟು ಬಾಲ ಅವತ್ತು, ಹನ್ನೊಂದು ಮೀಟರ್ ಆಳದಲ್ಲಿ, ಹಳೆಯ ಹೊಲಿಗೆಯ ದಾರದೊಳಗೆ ತೂರಿ ಗಂಟುಬಿತ್ತು. ನೀರಿನ ಸೆಳೆತಕ್ಕೆ ಬಲೆ ಉಬ್ಬಿ ಕೈಯನ್ನೇ ಸುತ್ತಿಕೊಂಡಿತು. ಎಳೆದಷ್ಟೂ ಬಿಗಿ. ಅಷ್ಟರಲ್ಲಿ ಮೇಲಿನಿಂದ ಹಗ್ಗ ಜಗ್ಗಿತು: ಹೇಗಿದ್ದೀಯ?

ತಂಗಿ ಬಿಡುವಿದ್ದ ಕೈಯಿಂದ ಒಂದು ಸಲ ಜಗ್ಗಿದಳು. ಚೆನ್ನಾಗಿದ್ದೀನಿ.

ನಾಲ್ಕು ಸಲ ಜಗ್ಗದಿರಲು ಕಾರಣವಿತ್ತು. ಅಕ್ಕನೂ ಹಿಂದೆ ಮುಳುಗುತ್ತಿದ್ದವಳೇ. ಕಿವಿಯ ತಮಟೆ ಒಡೆದ ಮೇಲೆ, ಇನ್ನು ತಲೆ ನೀರಿಗೆ ತಾಗಿಸಬೇಡಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಎರಡು ವರ್ಷದ ಕೆಳಗೆ ತಂಗಿಯ ಕೈಯಿಂದ ಸೂಜಿ ಜಾರಿ, ಅದನ್ನು ಹಿಡಿಯುವ ಗಡಿಬಿಡಿಯಲ್ಲಿ ಹಗ್ಗಕ್ಕೆ ಉತ್ತರ ಕೊಡುವುದು ಅರ್ಧ ನಿಮಿಷ ತಡವಾಯಿತು. ಅಷ್ಟಕ್ಕೇ ಅಕ್ಕ ಉಟ್ಟ ಬಟ್ಟೆಯಲ್ಲೇ, ಚಪ್ಪಲಿಯ ಸಮೇತ, ನೀರಿಗೆ ಹಾರಿದಳು. ಹತ್ತು ದಿನ ಹಾಸಿಗೆ ಹಿಡಿದು ಎದ್ದಾಗ ಎಡಗಿವಿ ಪೂರ್ತಿ ಕೈಕೊಟ್ಟಿತ್ತು. ಉಳಿದದ್ದು ಬಲಗಿವಿಯೊಂದೇ.

ಹಾಗಾಗಿ ತಂಗಿ ಕಾಲಿಗೆ ಕಟ್ಟಿದ್ದ ಚಾಕು ಎಳೆದು ಪಟ್ಟಿಯನ್ನು ಕೊಯ್ದಳು, ಕಂಪ್ಯೂಟರನ್ನು ಎದೆಯ ಚೀಲಕ್ಕೆ ತುರುಕಿದಳು, ಉಳಿದ ತೂತನ್ನೂ ಹೊಲಿದೇ ಮೇಲೆ ಬಂದಳು. ಬಂದವಳು, "ಹರಿದೋಯ್ತು ಅಕ್ಕ, ಹಳೇದಾಗಿತ್ತು" ಎಂದಳು. ಅಕ್ಕ ಪಟ್ಟಿಯ ತುಂಡುಗಳನ್ನು ಕೈಗೆ ತೆಗೆದುಕೊಂಡು, "ಹ್ಞೂಂ" ಎಂದಳು. ಅಷ್ಟೇ. ಹೊಸ ಪಟ್ಟಿ ಬರುವ ತನಕ ನೀರಿಗೆ ಇಳಿಯಕೂಡದು ಎಂದೂ ಹೇಳಿದಳು.

ಐದನೆಯ ದಿನ ಇಬ್ಬರೂ ಬಸ್ಸು ಹತ್ತಿ ಪೇಟೆಗೆ ಹೋದರು. "ನಾನೊಬ್ಬಳೇ ಹೋಗಿ ತರ್ತೀನಿ, ನಿನಗ್ಯಾಕೆ ಬಿಸಿಲಲ್ಲಿ" ಎಂದು ತಂಗಿ ಎಷ್ಟು ಹೇಳಿದರೂ ಅಕ್ಕ ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು.

ಮುಳುಗುವವರ ಸಾಮಾನಿನ ಅಂಗಡಿ ಉದ್ದಕ್ಕೆ, ಓಣಿಯ ಹಾಗಿತ್ತು. ಎರಡೂ ಕಡೆ ನೇತುಹಾಕಿದ ರಬ್ಬರ್ ಉಡುಪುಗಳ ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಅಂಗಡಿಯವನು ಮಾತಿನ ಮಲ್ಲ. ಕಂಪ್ಯೂಟರನ್ನು ತಿರುವಿ ಎರಡು ಬದಿಯ ಪಿನ್ನು ನೋಡಿ, ಗಾಜಿನ ಮೇಲೆ ಮೂರು ನಮೂನೆಯ ಪಟ್ಟಿ ಹರಡಿದ.

"ಇದು ಬಟ್ಟೇದು, ಅಂಟಿಸಿ ಬಿಚ್ಚೋದು. ಮೆತ್ತಗಿರುತ್ತೆ."

"ಪಾಚಿ ಕೂತರೆ ಅಂಟಲ್ಲ," ಎಂದಳು ಅಕ್ಕ. ಬಲಗಿವಿ ಅವನ ಕಡೆ ಇರುವಂತೆ ಓರೆಯಾಗಿ ನಿಂತಿದ್ದಳು.

"ಹಾಗಾದ್ರೆ ಇದು ತಗೊಳ್ಳಿ ಅಮ್ಮಾ. ಗಟ್ಟಿ ರಬ್ಬರು, ಒಳಗೆ ತಂತಿ ಹೆಣೆದಿದ್ದಾರೆ. ನೀವು ಸವೆದ್ರೂ ಇದು ಸವೆಯಲ್ಲ!"

ಅಕ್ಕ ಅದನ್ನು ಎಳೆದಳು, ಮಡಚಿದಳು, ಉಗುರಿನಿಂದ ಕೆರೆದಳು. ಅಕ್ಕನಿಗೆ ಯಾವಾಗಲೂ ಗಟ್ಟಿಯದೇ ಬೇಕು; ಶಾಲೆಯ ಚೀಲದಿಂದ ಹಿಡಿದು ಬಾಗಿಲಿನ ಚಿಲಕದ ತನಕ ಆರಿಸಿದ್ದೆಲ್ಲ ಗಟ್ಟಿಯದೇ. ಒಳಗೆ ತಂತಿ ಇರುವ ಪಟ್ಟಿ ಬಲೆಗೆ ಸಿಕ್ಕಿದರೆ ಮುಗಿಯಿತು. ಅದನ್ನು ಬೇಡ ಎನ್ನಬೇಕು, ಯಾಕೆ ಬೇಡ ಎಂದು ಹೇಳುವಂತಿಲ್ಲ. ತಂಗಿ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡ ಹಾಗೆ ನಿಂತಳು.

ಅಷ್ಟರಲ್ಲಿ ಅಕ್ಕ ಕೇಳಿದಳು: "ಚಾಕುವಿಗೆ ಬಗ್ಗುತ್ತಾ ಇದು?"

"ಚಾಕುವಿಗಾ? ಗರಗಸ ತಂದ್ರೂ ಕಷ್ಟ!" ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ.

"ಹಾಗಾದ್ರೆ ಬೇಡ."

ತಂಗಿ ಅಕ್ಕನ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಅಂಗಡಿಯವನಿಗೂ ಅರ್ಥವಾಗಲಿಲ್ಲ. ಅವನು ಮೂರನೆಯದನ್ನು ಮುಂದೆ ಸರಿಸಿದ: ಪೆನ್ಸಿಲಿನಷ್ಟು ದಪ್ಪದ ಎಲಾಸ್ಟಿಕ್ ಹಗ್ಗ. ಎರಡು ಕುಣಿಕೆ ಮಾಡಿ ಕೈ ತೂರಿಸಿದರಾಯಿತು. ಬಕಲ್ಲಿಲ್ಲ, ಬಾಲವಿಲ್ಲ. "ಆದ್ರೆ ಒಂದು ಮಾತು, ಜೋರಾಗಿ ಎಳೆದ್ರೆ ಕೈಯಿಂದ ಕಳಚಿ ಬರುತ್ತೆ. ಕಂಪ್ಯೂಟರ್ ಹೋದ್ರೆ ನನ್ನ ಬೈಬೇಡಿ."

"ಕಂಪ್ಯೂಟರ್ ಹೋದ್ರೆ ಹೋಗ್ಲಿ," ಎಂದಳು ಅಕ್ಕ. "ಪಾಪು, ಕೈ ಕೊಡು."

ತಂಗಿ ಕೈ ಚಾಚಿದಳು. ಅಕ್ಕ ಪಕ್ಕದಲ್ಲೇ ನೇತಾಡುತ್ತಿದ್ದ ಉಡುಪಿನ ತೋಳನ್ನು ಅವಳ ಕೈಗೆ ಏರಿಸಿ, ಅದರ ಮೇಲೆ ಹಗ್ಗದ ಅಳತೆ ಹಿಡಿದಳು. ಎಳೆದು ಕಳಚಿ ನೋಡಿದಳು, ಮತ್ತೆ ತೊಡಿಸಿದಳು, ಮತ್ತೆ ಕಳಚಿದಳು. ಆರನೆಯ ಸಲಕ್ಕೆ ಅಂಗಡಿಯವನು ಮಾತು ನಿಲ್ಲಿಸಿದ.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ತಂಗಿ ಬಲಕ್ಕೆ, ಕೇಳುವ ಕಿವಿಯ ಕಡೆ. ಎರಡು ನಿಲ್ದಾಣ ದಾಟಿದ ಮೇಲೆ ಅಕ್ಕ ಚೀಲದಿಂದ ಹಳೆಯ ಪಟ್ಟಿಯ ತುಂಡು ತೆಗೆದು ತಂಗಿಯ ಅಂಗೈಯಲ್ಲಿಟ್ಟಳು.

"ಎಷ್ಟು ಹೊತ್ತು ಸಿಕ್ಕಾಕೊಂಡಿದ್ದೆ?"

ತಂಗಿ ತುಂಡನ್ನು ಮುಷ್ಟಿಯೊಳಗೆ ಮುಚ್ಚಿದಳು. "ಇಲ್ಲ ಅಕ್ಕ, ಅದು ತಾನಾಗೇ..."

"ಕಿವಿ ಕೆಟ್ಟಿದೆ ಕಣೇ, ಕಣ್ಣು ಕೆಟ್ಟಿಲ್ಲ. ಮೂವತ್ತು ವರ್ಷ ಬಲೆ ಹೊಲಿದಿದ್ದೀನಿ. ಹರಿದಿದ್ದು ಯಾವುದು, ಕೊಯ್ದಿದ್ದು ಯಾವುದು ಅಂತ ನನಗೆ ಗೊತ್ತಾಗಲ್ವಾ?"

"ಮತ್ತೆ ಅವತ್ತೇ ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಒಂದು ದಿನ, ಎರಡು ದಿನ. ಊಟಕ್ಕೆ ಕೂತಾಗ ಹೇಳ್ತೀಯ, ಬಟ್ಟೆ ಒಣಗಿಸೋವಾಗ ಹೇಳ್ತೀಯ ಅಂತ." ಅಕ್ಕ ಕಿಟಕಿಯ ಕಡೆ ತಿರುಗಿದಳು. "ಎಷ್ಟು ಹೊತ್ತು?"

"ಆರು ನಿಮಿಷ."

"ನಾನು ಹಗ್ಗ ಜಗ್ಗಿದಾಗ ಚೆನ್ನಾಗಿದ್ದೀನಿ ಅಂದ್ಯಲ್ಲ."

"ನಾಲ್ಕು ಸಲ ಜಗ್ಗಿದ್ರೆ ಏನು ಮಾಡ್ತಿದ್ದೆ ನೀನು?"

"ಹಾರ್ತಿದ್ದೆ."

"ಅದಕ್ಕೇ ಜಗ್ಗಲಿಲ್ಲ. ಇನ್ನು ಮುಂದೂ ಜಗ್ಗಲ್ಲ."

"ಜಗ್ಗಬೇಡ," ಎಂದಳು ಅಕ್ಕ, ಸಮಾಧಾನದಿಂದಲೇ. "ಜಗ್ಗದೇ ಇದ್ರೂ ಹಾರ್ತೀನಿ. ಇನ್ನು ನಿನ್ನ ಒಂದು ಜಗ್ಗನ್ನ ನಾನು ನಂಬೋದು ಹೇಗೆ, ಹೇಳು?"

ತಂಗಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಬಸ್ಸು ಕಿಕ್ಕಿರಿದಿತ್ತು, ಎದ್ದು ಬೇರೆ ಕಡೆ ಕೂರೋಣವೆಂದರೆ ಕಾಲಿಡಲು ಜಾಗವಿರಲಿಲ್ಲ. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಬರುತ್ತಿರಲಿಲ್ಲ. ಹಗ್ಗ ಹಿಡಿಯಲು ಬೇರೆಯವರನ್ನು ಇಟ್ಟರೆ ಅಕ್ಕ ದಡದಲ್ಲಿ ನಿಂತು ನೋಡುತ್ತಾಳೆ, ದಡದಿಂದಲೇ ಹಾರುತ್ತಾಳೆ. ಇನ್ನೊಬ್ಬರನ್ನು ಜೊತೆಗೆ ಇಳಿಸೋಣವೆಂದು ಹೋದ ವರ್ಷವೇ ಹುಡುಕಿದ್ದಾಗಿತ್ತು. ಆ ತಣ್ಣೀರಿಗೆ ಬರುವವರು ಯಾರೂ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಮರುದಿನ ಬೆಳಿಗ್ಗೆ ದೋಣಿಯನ್ನು ಮೂರನೆಯ ಚೌಕಟ್ಟಿಗೆ ಕಟ್ಟಿದರು. ತಂಗಿ ಉಡುಪು ತೊಟ್ಟಳು, ಸಿಲಿಂಡರ್ ಏರಿಸಿದಳು, ಹೊಸ ಕುಣಿಕೆಗಳಲ್ಲಿ ಕೈ ತೂರಿಸಿದಳು. ಇಳಿಯುವ ಮೊದಲು, ದೋಣಿಯ ತಳದಲ್ಲಿದ್ದ ಉಳಿಕೆ ಹಗ್ಗ ಎತ್ತಿಕೊಂಡು ಅಕ್ಕನ ಸೊಂಟಕ್ಕೆ ಎರಡು ಸುತ್ತು ಹಾಕಿ, ಕೂರುವ ಹಲಗೆಗೆ ಬಿಗಿದು, ಬೆನ್ನ ಹಿಂದೆ ಕೈಗೆಟುಕದಂತೆ ಗಂಟು ಹಾಕಿದಳು.

"ಇದೇನೇ ಇದು?" ಎಂದಳು ಅಕ್ಕ. ಆದರೆ ಕೊಸರಾಡಲಿಲ್ಲ. ದರ್ಜಿಗೆ ಅಳತೆ ಕೊಡುವವಳ ಹಾಗೆ ಎರಡು ಕೈಯನ್ನೂ ಮೇಲೆತ್ತಿ ಕೂತಿದ್ದಳು.

"ನೀನು ಹಾರದ ಹಾಗೆ. ಇನ್ನು ನಿಜವಾಗ್ಲೂ ಸಿಕ್ಕಾಕೊಂಡ್ರೆ ನಾಲ್ಕು ಸಲ ಜಗ್ತೀನಿ. ನೀನು ಸೀಟಿ ಊದಿ ದಡದಲ್ಲಿರೋ ಮೀನಿನ ಕಾವಲಿನವನ್ನ ಕರಿ."

"ದೋಣಿ ಮುಳುಗಿದ್ರೆ?"

"ಕೆಳಗೆ ನಾನೇ ಇರ್ತೀನಲ್ಲ."

ಅಕ್ಕ ಪಕ್ಕನೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಸೀಟಿಯ ದಾರವನ್ನು ಕೊರಳಿಗೆ ಹಾಕಿಕೊಂಡು, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡಳು. "ಹೋಗು, ಹೊತ್ತಾಯ್ತು."

ಆವತ್ತು ಕೆಳಗೆ ಕಣ್ಣಿಗೆ ಬಿದ್ದದ್ದು ಏಳು ತೂತು. ನಿಮಿಷಕ್ಕೊಮ್ಮೆ ಮೇಲಿನಿಂದ ಹಗ್ಗ ಜಗ್ಗುತ್ತಿತ್ತು. ತಂಗಿ ಪ್ರತಿ ಸಲ ಸೂಜಿ ಬಿಟ್ಟು ಉತ್ತರ ಕೊಟ್ಟಳು. ಹೀಗಾಗಿ ಹೊಲಿದು ಮುಗಿಸಲಾದದ್ದು ನಾಲ್ಕೇ. ಹೊತ್ತು ಮುಗಿಯಿತೆಂದು ಕಂಪ್ಯೂಟರ್ ತೋರಿಸಿದಾಗ ನಿಧಾನವಾಗಿ ಮೇಲೆ ಬಂದು ದೋಣಿಯ ಅಂಚು ಹಿಡಿದಳು.

ಅಕ್ಕ ಕೂತಲ್ಲಿಂದ ಒಂದಿಷ್ಟೂ ಸರಿದಿರಲಿಲ್ಲ. ಬೆವರಿಗೆ, ನೀರಿನ ಸಿಡಿತಕ್ಕೆ ಗಂಟು ನೆನೆದು ಕಲ್ಲಾಗಿತ್ತು. ತಂಗಿ ಒದ್ದೆ ಬೆರಳಿನಲ್ಲಿ, ಆಮೇಲೆ ಹಲ್ಲಿನಲ್ಲಿ ಬಿಡಿಸಲು ನೋಡಿದಳು. ಬಿಡಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಅಕ್ಕ ಎದ್ದು ನಿಲ್ಲಲು ಹೋಗಿ, ಕಾಲು ಜೋಮು ಹಿಡಿದು, ತಂಗಿಯ ಹೆಗಲು ಹಿಡಿದುಕೊಂಡಳು. ಸೊಂಟದ ಸುತ್ತ ಹಗ್ಗದ ಗುರುತನ್ನು ಕೈಯಿಂದ ಉಜ್ಜಿಕೊಂಡಳು.

"ನಾಳೆ ಸ್ವಲ್ಪ ಸಡಿಲ ಕಟ್ಟು," ಎಂದಳು.