ಮ್ಯಾನೇಜರ್ ಕೋಣೆಯ ಬಾಗಿಲು

ಅಪ್ಪ ಬಹಳ ವರ್ಷ ಲೆಕ್ಕ ನೋಡಿಕೊಂಡಿದ್ದ ತೈಲ ಕಂಪನಿಯ ಕಟ್ಟಡವನ್ನು ಈಗ ಮನೆಗಳಾಗಿ ಮಾಡಿದ್ದಾರೆ. ಕೆನಡಾದ ಕ್ಯಾಲ್ಗರಿಯ ನಡುಪೇಟೆಯಲ್ಲಿ ಖಾಲಿ ಬಿದ್ದ ಕಚೇರಿಗಳೆಲ್ಲ ಒಂದೊಂದಾಗಿ ಹೀಗೆ ಮನೆಯಾಗುತ್ತಿವೆ. ಮನೆಗಾಗಿ ಕಾದವರ ಸಾಲಿನಲ್ಲಿ ನಮ್ಮ ಸರದಿ ಬಂತು, ಅದೂ ಅಪ್ಪ ಕೂತು ಕೆಲಸ ಮಾಡಿದ್ದ ಹದಿನೇಳನೆಯ ಮಹಡಿಗೇ. ಇವತ್ತು ಒಪ್ಪದಿದ್ದರೆ ಮುಂದಿನವರಿಗೆ ಹೋಗುತ್ತದೆ. ನಾವಿರುವ ನೆಲಮಾಳಿಗೆಯಲ್ಲಿ ಹಗಲಲ್ಲೂ ದೀಪ ಹಾಕಿಕೊಂಡೇ ಓದಬೇಕು. ನನಗೆ ಈ ಮನೆ ಬೇಕಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

"ಕೆಲಸದಿಂದ ಕಳಿಸಿದ ಜಾಗಕ್ಕೇ ಹೋಗಿ ಮಲ್ಕೋಬೇಕಾ?" ಅಪ್ಪ ಲಿಫ್ಟಿನಲ್ಲಿ ಗೊಣಗಿದ. "ಇಲ್ಲಿ ಕೂತ್ಕೊಂಡು ನಿದ್ದೆ ಮಾಡಿದ್ದು ಸಾಲ್ದಾ?"

ಮನೆ ತೋರಿಸಲು ಬಂದಿದ್ದ ನೊರೀನ್ ನಕ್ಕರು. "ಈಗ ಹಾಸಿಗೆ ಮೇಲೇ ಮಾಡಿ, ಒರೆಸ್ಟ್ ಅವರೇ. ಯಾರೂ ಕೇಳಲ್ಲ."

ಒಳಗೆ ಹೊಸ ಬಣ್ಣದ ವಾಸನೆ. ಅಪ್ಪ ಒಲೆಯ ಹತ್ತಿರ ನಿಂತು, "ನನ್ನ ಮೇಜು ಇಲ್ಲೇ ಇತ್ತು" ಎಂದ. ಆಮೇಲೆ ಮುಂದಿನ ಕೋಣೆಯವರೆಗೆ ಹೋಗಿ, ಮುಚ್ಚಿದ್ದ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಉತ್ತರಕ್ಕೆ ಕಾದ.

ನೊರೀನ್ ನನ್ನ ಮುಖ ನೋಡಿದರು. ಆಗ ಕಿಟಕಿ ಪಕ್ಕದ ಕೋಣೆಗಳೆಲ್ಲ ಮ್ಯಾನೇಜರುಗಳದು. ಅಪ್ಪನಂಥವರಿಗೆ ನಡುವಿನ ಟ್ಯೂಬ್‌ಲೈಟು. ಬಾಗಿಲು ತಟ್ಟದೆ ಒಳಗೆ ಹೋಗುವ ಅಭ್ಯಾಸ ಅವನಿಗಿರಲಿಲ್ಲ.

"ಯಾರೂ ಇಲ್ಲಪ್ಪ," ಎಂದೆ. "ತೆಗಿ."

ತೆಗೆದ.

ಗೋಡೆ ಇರಬೇಕಾದಲ್ಲಿ ಆಕಾಶವಿತ್ತು. ಕೆಳಗೆ ಅರ್ಧ ಹೆಪ್ಪುಗಟ್ಟಿದ ನದಿ. ಪಶ್ಚಿಮದಲ್ಲಿ ಬೆಚ್ಚನೆಯ ಶಿನೂಕ್ ಗಾಳಿ ತರುವ ಮೋಡ ಕಮಾನಿನಂತೆ ಬಾಗಿತ್ತು. ಅದರಡಿಯ ತಿಳಿನೀಲಿಯಲ್ಲಿ ಹಿಮದ ಬೆಟ್ಟಗಳು, ಈ ತುದಿಯಿಂದ ಆ ತುದಿಯವರೆಗೆ, ಉಸಿರು ಬಿಟ್ಟರೆ ಮಸುಕಾಗುವಷ್ಟು ಹತ್ತಿರ. ಬಿಸಿಲು ನಮ್ಮ ಮೂವರ ಮುಖಕ್ಕೂ ಬಂತು.

ಅಪ್ಪ ಟೋಪಿ ತೆಗೆದ. ನಮ್ಮ ಚರ್ಚಿನಲ್ಲಿ ಬಿಟ್ಟರೆ ಇನ್ನೆಲ್ಲೂ ಹಾಗೆ ತೆಗೆದದ್ದನ್ನು ನಾನು ಕಂಡಿಲ್ಲ.

"ಇದು ಅಷ್ಟು ದಿನವೂ ಇಲ್ಲೇ ಇತ್ತಾ?"

"ಬೆಟ್ಟ ಎಲ್ಲಿಗೆ ಹೋಗುತ್ತೆ?" ಎನ್ನುತ್ತ ನೊರೀನ್ ಕಿಟಕಿಯ ಹಿಡಿಕೆ ತಿರುಗಿಸಿದರು. ಕಚೇರಿಯಿದ್ದಾಗ ತೆರೆಯಲು ಬಾರದಿದ್ದ ಗಾಜು ಈಗ ಗೇಣಷ್ಟು ತೆರೆಯಿತು. ಕರಗುವ ಹಿಮದ ವಾಸನೆ ಒಳಗೆ ನುಗ್ಗಿತು. ಅಪ್ಪ ಸಂದಿಯಲ್ಲಿ ಕೈ ಚಾಚಿ, ಗಾಳಿ ಬೆರಳುಗಳ ನಡುವೆ ಹಾದುಹೋಗುವುದನ್ನು ನೋಡುತ್ತ ನಿಂತ.

"ಏನಂತೀರಿ? ಆಫೀಸಿಗೆ ಫೋನ್ ಮಾಡಿ ಹೇಳ್ಬೇಕು ನಾನು," ಎಂದರು ನೊರೀನ್.

ಅಪ್ಪ ಸಂದಿಯಿಂದ ಕೈ ತೆಗೆಯದೆ ಬೆಟ್ಟಗಳತ್ತ ತಿರುಗಿದ.

"ತಗೋತೀವಿ," ಎಂದು ಬಾಯೊಳಗೇ ಅಂದೆ.

"ಅದೇನು ಗೊಣಗ್ತೀಯೆ," ಅಪ್ಪ ಬೆಟ್ಟಗಳಿಂದ ಕಣ್ಣು ಕೀಳದೆ ಹೇಳಿದ. "ಅವರಿಗೆ ಕೇಳೋ ಹಾಗೆ ಹೇಳು."