ಟ್ಯಾಂಕಿನ ಗೋಡೆಯ ಮುಖ

ಬೀದಿ ಉದ್ಧಾರವಾಗುತ್ತಿದೆ ಎಂದು ಎಲ್ಲರೂ ಕುಣಿಯುತ್ತಿದ್ದಾಗ ಟೈಲರಮ್ಮನಿಗೆ ಮಾತ್ರ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗಿತ್ತು. ಒಡೆದ ಕಾಲುದಾರಿಗೆ ಹೊಸ ಕಲ್ಲು ಬಂತು, ಚರಂಡಿಗೆ ಮುಚ್ಚಳ ಬಂತು, ಎಡವಿ ಬೀಳುತ್ತಿದ್ದ ತಿರುವಿಗೆ ದೀಪ ಬಂತು. ಇದ್ಯಾವುದರ ಮೇಲೂ ಅವಳಿಗೆ ಸಿಟ್ಟಿರಲಿಲ್ಲ. ದೀಪ ಬಂದ ಮೇಲೆ ಸಂಜೆಹೊತ್ತು ಅಂಗಡಿಯ ಬಾಗಿಲಲ್ಲಿ ಕೂತು ಗುಂಡಿಗೆ ಕಾಜಾ ಹಾಕುವುದೂ ಸುಲಭವಾಗಿತ್ತು. ಸಿಟ್ಟೆಲ್ಲ ನೀರಿನ ಟ್ಯಾಂಕಿನ ಗೋಡೆಯ ಮೇಲೆ. ಪೋಸ್ಟರು ಅಂಟಿಸಿ ಅಂಟಿಸಿ ಹೊಪ್ಪಳೆ ಎದ್ದಿದ್ದ ಆ ಗೋಡೆಯನ್ನು ಕೆರೆದು, ಬಿಳಿ ಬಳಿದು, ಬೀದಿಗಾಗಿ ದುಡಿದ ಒಬ್ಬರ ಮುಖವನ್ನು ಅದರ ಮೇಲೆ ದೊಡ್ಡದಾಗಿ ಬರೆಸಬೇಕೆಂದು ಬೀದಿಯ ಸಮಿತಿ ತೀರ್ಮಾನಿಸಿತ್ತು. ಆ ಒಬ್ಬರು ಯಾರಾಗಬೇಕು ಎಂದು ಕೇಳಿದಾಗ ಸಭೆಗೆ ಸಭೆಯೇ ಒಂದೇ ಬಾಯಲ್ಲಿ 'ನರ್ಸಮ್ಮ' ಎಂದುಬಿಟ್ಟಿತ್ತು.

ನರ್ಸಮ್ಮ ಟೈಲರಮ್ಮನ ಒಡಹುಟ್ಟಿದ ತಂಗಿ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ; ಕೆಳಗೆ ಅಕ್ಕನ ಹೊಲಿಗೆ ಅಂಗಡಿ, ಮೇಲೆ ತಂಗಿಯ ಕೋಣೆ. ಅಕ್ಕ ಗಂಡನನ್ನು ಕಳೆದುಕೊಂಡವಳು, ತಂಗಿ ಮದುವೆಯ ಗೋಜಿಗೇ ಹೋಗದವಳು. ಸಭೆಯ ದಿನ ಕಾರ್ಯದರ್ಶಿ "ಇಷ್ಟು ವರ್ಷ ಈ ಬೀದಿಗೆ ದುಡಿದ ಒಬ್ಬ ಹೆಣ್ಣುಮಗಳು" ಎಂದು ಶುರುಮಾಡಿದ ಕೂಡಲೇ ಟೈಲರಮ್ಮ ತಲೆಗೂದಲು ಸವರಿಕೊಂಡು ನೆಟ್ಟಗೆ ಕೂತಿದ್ದಳು. ತಂಗಿಯ ಹೆಸರು ಹೊರಬಿದ್ದಾಗ ಆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಸುಮ್ಮನೆ ಕಿವಿ ಕೆರೆದುಕೊಂಡಳು. ಪಕ್ಕದಲ್ಲಿ ಕೂತಿದ್ದ ಮೂಲೆಮನೆಯವಳು ಅದನ್ನು ನೋಡಿಬಿಟ್ಟಳೇನೋ ಎಂಬ ಅನುಮಾನ ಎಷ್ಟೋ ದಿನ ಅವಳನ್ನು ತಿಂದಿತು.

ನ್ಯಾಯವಾಗಿ ನೋಡಿದರೆ ಇಬ್ಬರೂ ಸೂಜಿ ಹಿಡಿದೇ ಬದುಕಿದವರು. ತಂಗಿ ಮೈಗೆ ಚುಚ್ಚಿದಳು, ಅಕ್ಕ ಬಟ್ಟೆಗೆ ಚುಚ್ಚಿದಳು. ಚುಚ್ಚಿಸಿಕೊಂಡು ಅಯ್ಯಯ್ಯೋ ಎಂದು ಕಿರುಚಿದವರೇ ತಂಗಿಗೆ "ನಿಮ್ಮ ಕೈ ಹೂವಿನ ಹಾಗಿದೆ" ಅನ್ನುತ್ತಿದ್ದರು. ಅಕ್ಕನ ಹತ್ತಿರ ಬಂದವರು ಕಂಕುಳು ಬಿಗಿ, ಕತ್ತು ಅಗಲ, ಹೇಳಿದ ದಿನಕ್ಕೆ ಕೊಡಲಿಲ್ಲ ಎಂದು ಮುಖ ಗಂಟಿಕ್ಕುತ್ತಿದ್ದರು. ಈ ಬೀದಿಯ ಮಕ್ಕಳನ್ನೆಲ್ಲ ಹುಟ್ಟಿದ ಕೂಡಲೇ ಮೊದಲು ಎತ್ತಿಕೊಂಡವಳು ತಂಗಿಯಂತೆ. ಸರಿ, ಎತ್ತಿಕೊಂಡಳು. ಆಮೇಲೆ ಅವು ಶಾಲೆ ಮುಗಿಸುವ ತನಕ ಯೂನಿಫಾರಂ ಹೊಲಿದುಕೊಟ್ಟವರು ಯಾರು? ಬೆಳೆಯುವ ಮಕ್ಕಳೆಂದು ಒಳಗಡೆ ಬಟ್ಟೆ ಮಡಿಸಿಟ್ಟು, ವರ್ಷ ವರ್ಷ ಬಿಚ್ಚಿ ಉದ್ದ ಮಾಡಿಕೊಟ್ಟವರು ಯಾರು? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಒಪ್ಪೋಣ. ಒಂದೇ ಹಿತ್ತಲಿನ ಎರಡು ಗಿಡಗಳಲ್ಲಿ ಒಂದು ಮಾತ್ರ ಮದ್ದಾಗಿ ಇನ್ನೊಂದು ಬೇಲಿಯಾದರೆ ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ತಂಗಿ ಕೆಲಸದಿಂದ ನಿವೃತ್ತಳಾದ ಮೇಲಾದರೂ ಇದು ತಣ್ಣಗಾಗಬಹುದು ಎಂದುಕೊಂಡರೆ ಅದೂ ಸುಳ್ಳಾಯಿತು. ಬಿಪಿ ನೋಡಿಸಿಕೊಳ್ಳುವವರು, ಮಾತ್ರೆ ತೋರಿಸಿ ಇದು ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳುವವರು, ಎಲ್ಲರೂ ಅಂಗಡಿಯ ಮೂಲಕವೇ ಮಹಡಿ ಹತ್ತಬೇಕು. ಬಾಗಿಲಲ್ಲಿ ನಿಂತು ಆಡುವ ಮೊದಲ ಮಾತೇ "ಟೈಲರಮ್ಮ, ನರ್ಸಮ್ಮ ಇದ್ದಾರಾ?" ಎಂಬುದು. ಕತ್ತರಿಸಿಟ್ಟ ಬಟ್ಟೆಯ ಮೇಲೆ ಮೊಣಕೈ ಊರಿಕೊಂಡು ಕಾಯುತ್ತಾ ಕೂರುತ್ತಾರೆ. ಅಕ್ಕನನ್ನು ಹೇಗಿದ್ದೀರಿ ಎಂದು ಕೇಳುವ ಸೌಜನ್ಯವೂ ಅವರಿಗಿಲ್ಲ.

ಇಷ್ಟು ಸಾಲದೆಂಬಂತೆ ಒಂದು ಬೆಳಿಗ್ಗೆ ಸಮಿತಿಯ ಕಾರ್ಯದರ್ಶಿಯೇ ಅಂಗಡಿಗೆ ಬಂದ. ಹಾರ್ಡ್‌ವೇರ್ ಅಂಗಡಿ ಇಟ್ಟವನು, ಬಾಯಿ ತೆರೆದರೆ ಮುಚ್ಚುವುದನ್ನು ಮರೆಯುವವನು. ಹೆಗಲ ಮೇಲೆ ಒಂದು ದೊಡ್ಡ ಬಟ್ಟೆಯ ಥಾನು ಹೊತ್ತು ತಂದಿದ್ದ.

"ಟೈಲರಮ್ಮ, ನಿಮ್ಮಿಂದ ಒಂದು ಕೆಲಸ ಆಗಬೇಕು. ಚಿತ್ರ ಮುಗಿಯೋ ತನಕ ಯಾರೂ ನೋಡಬಾರದು ಅಂತ ಸಮಿತಿಯವರ ಆಸೆ. ಗೋಡೆ ಪೂರ್ತಿ ಮುಚ್ಚೋ ಹಾಗೆ ಒಂದು ಪರದೆ ಬೇಕು. ನಿಮ್ಮ ತಂಗೀದೇ ಅಲ್ವಾ, ನೀವು ಹೊಲಿದ್ರೇನೇ ಚಂದ."

"ಅವಳ ಮುಖ ಮುಚ್ಚೋಕೆ ತಾನೇ? ಕೊಡಿ, ಸಂತೋಷವಾಗಿ ಹೊಲೀತೀನಿ."

ಕಾರ್ಯದರ್ಶಿ ಅದನ್ನು ತಮಾಷೆ ಎಂದುಕೊಂಡು ಹೊಟ್ಟೆ ಕುಲುಕಿಸಿ ನಕ್ಕ. ಅವಳು ನಗಲಿಲ್ಲ. ಜೋಡಿ ಹೊಲಿಗೆ ಹಾಕಿ, ಅಂಚಿಗೆ ಪಟ್ಟಿ ಕೊಟ್ಟು, ಬಿರುಗಾಳಿ ಬಂದರೂ ಹಾರದಷ್ಟು ಗಟ್ಟಿಯಾಗಿ ಆ ಪರದೆಯನ್ನು ಹೊಲಿದಳು. ಈ ಬೀದಿಗೆ ಅವಳು ಹೊಲಿದುಕೊಟ್ಟ ಬಟ್ಟೆಗಳಲ್ಲಿ ಯಾರೂ ತಪ್ಪು ಹುಡುಕದೆ ಇದ್ದದ್ದು ಅದೊಂದೇ.

ಪರದೆ ಕಟ್ಟಿದ ಮಾರನೆಯ ದಿನ ಪೇಂಟರ್ ಬಂದ. ಬೇರೆ ಊರಿನವನು, ಉಗುರಿನ ಸಂದಿಯಲ್ಲೆಲ್ಲ ಬಣ್ಣ, ಮಾತು ಕಡಿಮೆ. ಮೊದಲು ಮೇಲೆ ಹೋಗಿ ನರ್ಸಮ್ಮನನ್ನು ಮಾತಾಡಿಸಿ, ಬರಿಗೈಯಲ್ಲಿ ಕೆಳಗಿಳಿದು ಟೈಲರಮ್ಮನ ಮೇಜಿನ ಮುಂದೆ ನಿಂತ.

"ಅವರ ಹತ್ರ ಒಂದು ಫೋಟೋನೂ ಇಲ್ವಂತೆ. ಕ್ಯಾಮರಾ ಕಂಡ್ರೆ ಆಗಲ್ಲ ಅಂತಾರೆ. ನಿಮ್ಮ ಹತ್ರ ಹಳೇದು ಒಂದಿರಬಹುದು, ಕೇಳು ಅಂದ್ರು."

"ಮನುಷ್ಯಳೇ ಕಣ್ಣ ಮುಂದೆ ಕೂತಿರುವಾಗ ಫೋಟೋ ಯಾಕಪ್ಪ?"

"ಈಗಿನ ಮುಖ ಬೇಡ ಅಂದಿದ್ದಾರೆ ಸಮಿತಿಯವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೇಗಿದ್ರೋ ಹಾಗೆ ಬರೀಬೇಕಂತೆ."

ಟೈಲರಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಎದ್ದು, ಬೀರುವಿನ ತಳದಿಂದ ಆ ಫೋಟೋ ಹುಡುಕಿ ತಂದಳು. ಇಬ್ಬರು ಹುಡುಗಿಯರು, ಒಂದೇ ಥಾನಿನ ಬಟ್ಟೆಯಲ್ಲಿ ಅವಳೇ ಹೊಲಿದ ಒಂದೇ ಬಗೆಯ ಅಂಗಿ, ಒಂದೇ ಬಗೆಯ ಜಡೆ. ಈಗ ಇಬ್ಬರ ಕೂದಲೂ ಬೆಳ್ಳಗಾಗಿ, ಇಬ್ಬರ ಮೂಗಿನ ಮೇಲೂ ದಪ್ಪ ಕನ್ನಡಕ ಕೂತಿತ್ತು. ಪೇಂಟರ್ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಮೇಲೆ ತಾನು ಆಗ ತಾನೇ ನೋಡಿ ಬಂದ ಮುದುಕಿ ಈ ಇಬ್ಬರಲ್ಲಿ ಯಾರೆಂದು ಅವನಿಗೆ ಹೊಳೆಯಲಿಲ್ಲ.

"ಇದರಲ್ಲಿ ನರ್ಸಮ್ಮ ಯಾರು?"

ತಂಗಿ ಎಡಗಡೆ ಇದ್ದಳು, ಅರ್ಧ ಮುಖ ತಿರುಗಿಸಿಕೊಂಡು, ಯಾರೋ ಬಲವಂತವಾಗಿ ಹಿಡಿದು ನಿಲ್ಲಿಸಿದ ಹಾಗೆ. ಬಲಗಡೆ ಇದ್ದವಳು ಟೈಲರಮ್ಮ. ಅವಳು ಎಡಗಡೆಗೇ ಬೆರಳು ತೋರಿಸಬೇಕೆಂದಿದ್ದಳು, ಅದರಲ್ಲಿ ಸಂಶಯವಿಲ್ಲ. ಆದರೆ ಅಷ್ಟರಲ್ಲಿ ಬಾಗಿಲ ಹತ್ತಿರ ಯಾರೋ ಬಂದು "ನರ್ಸಮ್ಮ ಇದ್ದಾರಾ?" ಎಂದು ಕೂಗಿದರು. ಅವಳ ಮೈಯೆಲ್ಲ ಉರಿದುಹೋಯಿತು.

"ಇವಳು," ಎಂದು ಫೋಟೋದಲ್ಲಿದ್ದ ತನ್ನ ಮುಖದ ಮೇಲೆಯೇ ಬೆರಳಿಟ್ಟಳು.

ಪೇಂಟರ್ ತಲೆಯಾಡಿಸಿ, ಫೋಟೋವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಅವನನ್ನು ವಾಪಸ್ಸು ಕರೆಯಲು ಬಾಯಿ ತೆರೆದಳು, ಆದರೆ ಕರೆಯಲಿಲ್ಲ. ಮೊದಲು ಹೆದರಿಕೆಯಾಯಿತು, ಹೆದರಿಕೆಯ ಹಿಂದೆಯೇ ಖುಷಿ ಬಂತು. ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಲೆಕ್ಕ ಹಾಕಿ ಮುಗಿಸಿದ್ದಳು. ಪರದೆ ಸರಿದ ಕೂಡಲೇ ಯಾರಾದರೂ ಗುರುತು ಹಿಡಿದೇ ಹಿಡಿಯುತ್ತಾರೆ. ಅರೆ, ಇದು ಟೈಲರಮ್ಮ ಅಲ್ವಾ ಅನ್ನುತ್ತಾರೆ. ತಾನು ಏನೂ ಅರಿಯದವಳ ಹಾಗೆ, ಅಯ್ಯೋ, ಪೇಂಟರ್ ಗಡಿಬಿಡಿಯಲ್ಲಿ ತಪ್ಪು ತಿಳಿದ ಅಂತ ಕಾಣುತ್ತೆ, ಅಂದರಾಯಿತು. ಅಷ್ಟು ದೊಡ್ಡ ಚಿತ್ರವನ್ನು ಬರೆಸಿದ ಮೇಲೆ ಅಳಿಸುವ ಗೊಡವೆಗೆ ಯಾರು ಹೋಗುತ್ತಾರೆ? ಇರಲಿ ಬಿಡಿ, ಅಕ್ಕನೂ ಬೀದಿಗೆ ದುಡಿದವಳೇ ಎಂದು ಕೊನೆಗೆ ಒಪ್ಪಿಕೊಳ್ಳಲೇಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದುದು. ಒಂದು ಸಲ, ಒಂದೇ ಒಂದು ಸಲ, ಈ ಬೀದಿ ತನ್ನನ್ನು ತಲೆಯೆತ್ತಿ ನೋಡಬೇಕಿತ್ತು.

ಪರದೆಯ ಹೊಲಿಗೆ ಬಿಚ್ಚಿದೆಯೇ ನೋಡಬೇಕೆಂಬ ನೆಪ ಮಾಡಿಕೊಂಡು ಒಂದು ದಿನ ಅದರೊಳಗೆ ನುಸುಳಿದಳು. ಅಟ್ಟಣಿಗೆಯ ಕೆಳಗೆ ನಿಂತು ಕತ್ತೆತ್ತಿದರೆ ತಟ್ಟೆಯಗಲದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ತನ್ನ ಹುಬ್ಬು, ತನ್ನ ನೆಟ್ಟನೆಯ ಮೂಗು, ನಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ ತನ್ನ ಆ ಕಾಲದ ತುಟಿ. ಇಷ್ಟು ಚಂದವಿದ್ದೆನೇ ಎಂದು ಅವಳಿಗೇ ಬೆರಗಾಯಿತು. ಪೇಂಟರ್ ಮೇಲೆ ಕೂತು ತಲೆಗೆ ಬಿಳಿ ಬಣ್ಣ ಹಚ್ಚುತ್ತಿದ್ದ.

"ಟೋಪಿ ಬೇಕೇ ಬೇಕಾ?" ಎಂದು ಕೇಳಿದಳು.

"ನರ್ಸ್ ಅಂದ ಮೇಲೆ ಟೋಪಿ ಇಲ್ಲದೆ ಹೇಗಮ್ಮ?"

ಟೋಪಿಯೊಂದು ಇದ್ದರೆ ಇರಲಿ, ಮುಖ ತನ್ನದೇ ತಾನೇ, ಎಂದುಕೊಂಡು ಹೊರಗೆ ಬಂದಳು. ಸ್ವರ್ಗಕ್ಕೆ ಮೂರೇ ಗೇಣು ಉಳಿದ ಹಾಗಿತ್ತು. ಆ ವಾರ ಯಾರು ಕಂಕುಳು ಬಿಗಿ ಅಂದರೂ ಅವಳು ಎದುರು ಮಾತಾಡಲಿಲ್ಲ.

ಪರದೆ ಸರಿಸುವ ಸಂಜೆ ಬೀದಿಗೆ ಬೀದಿಯೇ ಟ್ಯಾಂಕಿನ ಮುಂದೆ ನೆರೆದಿತ್ತು. ನರ್ಸಮ್ಮನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದರು. ಟೈಲರಮ್ಮ ಬೇಕೆಂದೇ ಗೋಡೆಯ ಬುಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ನಿಂತಳು. ಕನ್ನಡಕವನ್ನೂ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಕಾರ್ಯದರ್ಶಿ ಹಗ್ಗ ಎಳೆದ. ಪರದೆ ಜಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಅವಳ ಕೈ ತಾನಾಗಿಯೇ ತನ್ನ ಕೆನ್ನೆಗೆ ಹೋಯಿತು.

"ಥೇಟ್ ನರ್ಸಮ್ಮ!" ಎಂದು ಯಾರೋ ಕೂಗಿದರು.

"ಹೌದು ಹೌದು, ಆಗ ಹೀಗೇ ಇದ್ರು. ನನ್ನ ದೊಡ್ಡ ಮಗ ಹುಟ್ಟಿದಾಗ ನೋಡಿದ್ದೆ, ಅದೇ ನಗು!"

"ಕಣ್ಣು ನೋಡ್ರೀ, ಎಂಥ ಕರುಣೆ!"

ಚಪ್ಪಾಳೆ ಬಿತ್ತು. ಟೈಲರಮ್ಮ ಇವರ ಮುಖದಿಂದ ಅವರ ಮುಖಕ್ಕೆ ನೋಡಿದಳು. ನೂರು ಕಣ್ಣುಗಳು ಗೋಡೆಯ ಮೇಲಿದ್ದವು. ಅದರ ಬುಡದಲ್ಲಿ ನಿಂತ ಅದೇ ಮುಖದ ಹೆಂಗಸಿನ ಮೇಲೆ ಒಂದೂ ಇರಲಿಲ್ಲ. ಅವರು ಟೋಪಿಯನ್ನು ನೋಡಿದ್ದರು, ಮಿಕ್ಕಿದ್ದನ್ನು ತಾವೇ ತುಂಬಿಸಿಕೊಂಡಿದ್ದರು. ಅಷ್ಟರಲ್ಲಿ ಮೂಲೆಮನೆಯವಳು ಅವಳ ಪಕ್ಕಕ್ಕೆ ಬಂದು, ಗೋಡೆಯನ್ನೊಮ್ಮೆ ಅವಳನ್ನೊಮ್ಮೆ ನೋಡಿದಳು. ಟೈಲರಮ್ಮ ಮುಖವನ್ನು ಇನ್ನಷ್ಟು ಎತ್ತಿ ಹಿಡಿದಳು.

"ನಿಮ್ಮ ತಂಗಿ ಎಷ್ಟು ಚಂದ ಇದ್ರು ಅಲ್ವಾ ಟೈಲರಮ್ಮ? ಒಂದೇ ತಾಯಿ ಮಕ್ಕಳು, ನಿಮಗೆ ನೋಡಿ ಆ ಮುಖ ಬರಲೇ ಇಲ್ಲ," ಎಂದಳು.

ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡವರು ನೋವು ಎಂದು ಕೂಗುವ ಹಾಗೂ ಇಲ್ಲ. ಟೈಲರಮ್ಮ ಕನ್ನಡಕ ಹಾಕಿಕೊಂಡು ಮನೆಗೆ ನಡೆದಳು. ಮಿಷಿನ್ ಮುಂದೆ ಕೂತಳು, ಬಟ್ಟೆ ಇಲ್ಲದೆಯೇ ತುಳಿಯುತ್ತಲೇ ಇದ್ದಳು. ಆಮೇಲೆ ತಂಗಿ ಬಂದಳು. ಮಹಡಿ ಹತ್ತದೆ, ಬಾಗಿಲು ಮುಂದೆ ಮಾಡಿ, ಅಕ್ಕನ ಎದುರು ಸ್ಟೂಲಿನ ಮೇಲೆ ಕೂತಳು.

"ಅಕ್ಕ, ಅದು ನೀನು."

ಟೈಲರಮ್ಮನ ಕಾಲು ನಿಂತುಹೋಯಿತು. "ಪೇಂಟರ್ ಗಡಿಬಿಡೀಲಿ ತಪ್ಪು..."

"ಪೇಂಟರ್ ವಿಷಯ ಬಿಡು. ಯಾರಿಗೂ ಹೇಳಿಲ್ಲ ತಾನೇ?"

"ಇಲ್ಲ."

"ಹೇಳಬೇಡ. ನಿನ್ನ ದಮ್ಮಯ್ಯ ಅಂತೀನಿ, ಯಾರಿಗೂ ಹೇಳಬೇಡ." ನರ್ಸಮ್ಮ ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ಚಿಕ್ಕವಯಸ್ಸಲ್ಲಿ ನಿನ್ನ ಜೊತೆ ಬೀದೀಲಿ ನಡೆದ್ರೆ ಎಲ್ಲರೂ ನಿನ್ನನ್ನೇ ನೋಡೋರು. ನನ್ನನ್ನ ದಾರಿ ಕೇಳೋಕೆ ಮಾತ್ರ ಮಾತಾಡಿಸೋರು. ಅಮ್ಮ ಕೂಡ ಬಂದವರಿಗೆಲ್ಲ ದೊಡ್ಡವಳಿಗೆ ರೂಪ, ಚಿಕ್ಕವಳಿಗೆ ಬುದ್ಧಿ ಅಂತ ಹೇಳೋಳು. ಆ ವಯಸ್ಸಲ್ಲಿ ಬುದ್ಧಿ ಯಾರಿಗೆ ಬೇಕಾಗಿತ್ತು? ಫೋಟೋ ಅಂದ್ರೆ ನಿನ್ನ ಪಕ್ಕ ನಿಲ್ಲಬೇಕಲ್ಲ ಅಂತ ಓಡಿಹೋಗ್ತಿದ್ದೆ. ನಿನ್ನ ಮೇಲೆ ನಾನು ಎಷ್ಟು ಹೊಟ್ಟೆಕಿಚ್ಚು ಪಟ್ಟಿದೀನಿ ಅಂತ ನಿನಗೆ ಗೊತ್ತೇ ಇಲ್ಲ."

ಟೈಲರಮ್ಮ ತಂಗಿಯ ಬಾಯಿಯನ್ನೇ ನೋಡುತ್ತಾ ಕೂತಳು. ಇಷ್ಟು ವರ್ಷ ತನ್ನದೊಂದೇ ಎಂದುಕೊಂಡಿದ್ದ ಉರಿ ಮಹಡಿಯ ಮೇಲೂ ಇತ್ತೆಂದು ತಿಳಿದು, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ.

"ಇವತ್ತು ಜನ ನರ್ಸಮ್ಮ ಎಷ್ಟು ಚಂದ ಇದ್ರು ಅಂದ್ರು ಅಕ್ಕ. ಈ ವಯಸ್ಸಲ್ಲಿ ನನಗೆ ನಾಚಿಕೆ ಆಯ್ತು!" ತಂಗಿಯ ಕಣ್ಣು ತುಂಬಿ ಬಂದಿತ್ತು. "ನೀನು ಬೇಕು ಅಂತಲೇ ನಿನ್ನ ಮುಖ ನನಗೆ ಕೊಟ್ಟೆ ಅಂತ ನನಗೆ ಗೊತ್ತು. ನಿನ್ನಷ್ಟು ದೊಡ್ಡ ಮನಸ್ಸು ನನಗಿಲ್ಲ."

ಆ ಸಂತೋಷ ಅಲ್ಲಿಗೇ ಇಂಗಿಹೋಯಿತು. ತಂಗಿಯ ಹತ್ತಿರ ಇಲ್ಲದ್ದು, ಅವಳು ಬಯಸಿ ಬಯಸಿ ಸುಟ್ಟುಕೊಂಡದ್ದು ಒಂದು ತನ್ನಲ್ಲಿತ್ತು. ಅದು ಇದೆಯೆಂದು ಗೊತ್ತಾಗುವ ಮೊದಲೇ ತಾನೇ ಬೆರಳು ತೋರಿಸಿ ಕೊಟ್ಟುಬಿಟ್ಟಿದ್ದಳು. ಇನ್ನು ನಿಜ ಹೇಳೋಣವೆಂದರೆ ಬಾಯಿ ಬಿಟ್ಟರೆ ಬಣ್ಣಗೇಡು. "ಹೋಗಲಿ ಬಿಡು, ಊಟ ಮಾಡೋಣ ನಡಿ," ಎಂದಷ್ಟೇ ಅಂದಳು.

ಮರುದಿನ ಬೆಳಿಗ್ಗೆ ಅವಳು ಅಂಗಡಿ ತೆರೆಯುವಷ್ಟರಲ್ಲಿ ಟ್ಯಾಂಕಿನ ಕಡೆಯಿಂದ ತಂಗಿಯ ದನಿ ಕೇಳಿತು. ಕ್ಯಾಮರಾ ಕಂಡರೆ ಆಗದ ನರ್ಸಮ್ಮ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಗೋಡೆಯಿಂದ ಸಾಕಷ್ಟು ಈಚೆಗೆ, ಚಿತ್ರ ಹಿಂದೆ ಬರುವ ಹಾಗೆ ನಿಂತು, ಯಾರ ಯಾರ ಮೊಬೈಲಿಗೋ ನಗುತ್ತಿದ್ದಳು. ಕಾರ್ಯದರ್ಶಿಯೂ ಮೊಬೈಲು ಹಿಡಿದು ನಿಂತಿದ್ದ.

"ಅಕ್ಕಾ, ಬಾ ಇಲ್ಲಿ! ನೀನೂ ನನ್ನ ಜೊತೆ ನಿಂತ್ಕೋ!"

ಎಲ್ಲರ ಎದುರಿಗೆ ಬರುವುದಿಲ್ಲ ಎನ್ನಲಾಗಲಿಲ್ಲ. ಟೈಲರಮ್ಮ ಹೋಗಿ ತಂಗಿಯ ಪಕ್ಕ ನಿಂತು, ಕತ್ತೆತ್ತಿ ಮೊಬೈಲಿನ ಕಡೆ ನೋಡಿದಳು. ಕಾರ್ಯದರ್ಶಿ ಒಂದು ಹೆಜ್ಜೆ ಹಿಂದೆ ಹೋದ, ಒಂದು ಹೆಜ್ಜೆ ಮುಂದೆ ಬಂದ, ಆಮೇಲೆ ಎಡಗೈ ಆಡಿಸಿದ.

"ಟೈಲರಮ್ಮ, ನೀವು ಸ್ವಲ್ಪ ಆ ಕಡೆ ಸರೀರಿ. ಚಿತ್ರದ ಮುಖಕ್ಕೆ ಅಡ್ಡ ಬರ್ತಿದೀರ."

ಟೈಲರಮ್ಮ ಸರಿದು ನಿಂತಳು.